ಹಳೆಯ ಮದ್ದು, ಹೊಸ ಜ್ವರ

ಒಂದು ಕಾಯಿಲೆಗೆಂದು ತಯಾರಾಗಿ, ಪರೀಕ್ಷೆಗಳನ್ನು ದಾಟಿ, ಮೆಡಿಕಲ್ ಶಾಪಿನ ಕಪಾಟು ಸೇರಿದ ಔಷಧವನ್ನು ಇನ್ನೊಂದು ಕಾಯಿಲೆಗೆ ಬಳಸುವುದನ್ನು ಔಷಧದ ಮರುಬಳಕೆ ಎನ್ನುತ್ತಾರೆ. ಹೊಸ ಔಷಧವೊಂದು ಪ್ರಯೋಗಾಲಯದಿಂದ ಹೊರಟು ರೋಗಿಯ ಕೈ ಸೇರಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಹಳೆಯ ಔಷಧಕ್ಕೆ ಈ ದಾರಿಯ ಬಹುಪಾಲು ಆಗಲೇ ಸವೆದಿರುತ್ತದೆ. ಎಷ್ಟು ಕೊಟ್ಟರೆ ಮೈ ತಾಳುತ್ತದೆ, ಯಾವ ಅಂಗಕ್ಕೆ ತೊಂದರೆ, ಬಸುರಿಯರಿಗೆ ಕೊಡಬಹುದೇ, ಯಾವುದರ ಜೊತೆ ಸೇರಬಾರದು ಎಂಬುದೆಲ್ಲ ಗೊತ್ತಿರುತ್ತದೆ. ತಯಾರಿಸುವ ಕಾರ್ಖಾನೆಗಳೂ ಇರುತ್ತವೆ. ಉಳಿಯುವುದು ಒಂದೇ ಪ್ರಶ್ನೆ: ಈ ಕಾಯಿಲೆಗೆ ಅದು ನಾಟುತ್ತದೆಯೇ? 2019ರ ಕೊನೆಯಲ್ಲಿ ಚೀನಾದ ವುಹಾನ್‌ನಲ್ಲಿ ಕಾಣಿಸಿಕೊಂಡ ಕೋವಿಡ್, ಡಜನ್‌ಗಟ್ಟಲೆ ಹಳೆಯ ಔಷಧಗಳನ್ನು ಒಟ್ಟಿಗೇ ಈ ಪ್ರಶ್ನೆಯ ಮುಂದೆ ನಿಲ್ಲಿಸಿತು.

ಅದಕ್ಕೆ ಮುಂಚಿನ ಮರುಬಳಕೆಯ ಕತೆಗಳಲ್ಲಿ ಹೆಚ್ಚಿನವು ಆಕಸ್ಮಿಕದಿಂದ ಹುಟ್ಟಿದವು, ಆ ಆಕಸ್ಮಿಕವನ್ನು ಕಡೆಗಣಿಸದ ವೈದ್ಯರಿಂದ ಬೆಳೆದವು. ನಿದ್ದೆ ಮಾತ್ರೆಯಾಗಿ ಮಾರಾಟವಾಗುತ್ತಿದ್ದ ಥಾಲಿಡೊಮೈಡನ್ನು ಬಸುರಿಯರು ಸೇವಿಸಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಮೂರು ವರ್ಷದ ಬಳಿಕ ಜೆರುಸಲೇಮಿನ ಕುಷ್ಠರೋಗ ವೈದ್ಯ ಜೇಕಬ್ ಶೆಸ್ಕಿನ್, ನೋವಿನಿಂದ ಕಣ್ಣು ಮುಚ್ಚಲಾಗದ ರೋಗಿಯೊಬ್ಬನಿಗೆ ಅದೇ ಮಾತ್ರೆ ಕೊಟ್ಟರು. ರೋಗಿ ಮಲಗಿದ; ಅದಕ್ಕಿಂತ ಮಿಗಿಲಾಗಿ, ಕುಷ್ಠ ಉಲ್ಬಣಿಸಿ ಮೈಮೇಲೆ ಎದ್ದಿದ್ದ ಗಂಟುಗಳು ಕೆಲವೇ ದಿನಗಳಲ್ಲಿ ಇಳಿದವು. 1964ರಲ್ಲೇ ಜೆರೋಮ್ ಹಾರ್ವಿಟ್ಸ್ ಕ್ಯಾನ್ಸರಿಗೆಂದು ತಯಾರಿಸಿ, ಫಲ ಕಾಣದೆ ಮೂಲೆಗಿಟ್ಟ ಜಿಡೊವುಡಿನ್ 1987ರಲ್ಲಿ ಎಚ್‌ಐವಿಗೆ ಒಪ್ಪಿಗೆ ಪಡೆದ ಮೊದಲ ಔಷಧವಾಯಿತು. ಫ್ಲೂ ತಡೆಗೆಂದು ಅಮಾಂಟಡೀನ್ ನುಂಗಿದ ಬಾಸ್ಟನ್ನಿನ ಪಾರ್ಕಿನ್ಸನ್ ರೋಗಿಯೊಬ್ಬರು ಕೈನಡುಕ ತಗ್ಗಿತೆಂದು ವೈದ್ಯರಿಗೆ ಹೇಳಿದ್ದರಿಂದ, ಉಸಿರಾಟದ ಸೋಂಕಿನ ಆ ಮಾತ್ರೆ ನರರೋಗದ ಮಾತ್ರೆಯಾಯಿತು.

ಕೋವಿಡ್ ಕಾಲದಲ್ಲಿ ಜೀವ ಉಳಿಸಿದ ಔಷಧದ ಮೂಲವೂ ಇಂಥದೊಂದು ಗಮನಿಕೆಯಲ್ಲೇ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ 1929ರಲ್ಲಿ, ಸಂಧಿವಾತದ ರೋಗಿಯೊಬ್ಬರಿಗೆ ಕಾಮಾಲೆ ಬಂದಾಗ ಕೀಲುನೋವು ಇಳಿದದ್ದನ್ನು ಕಂಡರು. ಬಸುರಿನ ತಿಂಗಳುಗಳಲ್ಲೂ ಹಾಗೆಯೇ ಆಗುತ್ತಿತ್ತು. ದೇಹವೇ ಸುರಿಸುವ ಯಾವುದೋ ವಸ್ತು ಈ ಕೆಲಸ ಮಾಡುತ್ತಿರಬೇಕೆಂದು ಅವರು ಊಹಿಸಿದರು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ರಸಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ಅವುಗಳಲ್ಲೊಂದನ್ನು, ಮುಂದೆ ಕಾರ್ಟಿಸೋನ್ ಎಂದು ಹೆಸರಾದದ್ದನ್ನು, ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸಿದರು. 1948ರ ಸೆಪ್ಟೆಂಬರ್ 21ರಂದು ಹೆಂಚ್ ತಂಡ ಅದನ್ನು ಹಾಸಿಗೆ ಹಿಡಿದಿದ್ದ ಸಂಧಿವಾತದ ಯುವತಿಗೆ ಚುಚ್ಚಿತು. ವಾರದೊಳಗೆ ಆಕೆ ಎದ್ದು, ನಡೆದು, ಪೇಟೆಗೆ ಹೋಗಿ ಬಂದರು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು.

ಕಾರ್ಟಿಸೋನ್ ಕಾಯಿಲೆಯ ಬೇರನ್ನು ಕೀಳುವುದಿಲ್ಲ, ಉರಿಯೂತದ ಬೆಂಕಿಯನ್ನು ತಗ್ಗಿಸುತ್ತದೆ. ಬೆಲೆಯೂ ಕಡಿಮೆಯಲ್ಲ: ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. 1950ರ ದಶಕದ ಕೊನೆಯಲ್ಲಿ ಬಂದ ಡೆಕ್ಸಾಮೆಥಸೋನ್ ಇದೇ ಕುಲದ, ಹಲವು ಪಟ್ಟು ಪ್ರಬಲವಾದ ಕೃತಕ ಸ್ಟೀರಾಯ್ಡ್. ಆಸ್ತಮಾ, ಅಲರ್ಜಿ, ಮಿದುಳಿನ ಬಾವು, ಕ್ಯಾನ್ಸರ್ ಚಿಕಿತ್ಸೆಯ ವಾಂತಿ, ಹೀಗೆ ಅದು ಎಲ್ಲ ಕಡೆ ಹಬ್ಬಿತು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಇದರ ಸೋದರ ಔಷಧ ಬೀಟಾಮೆಥಸೋನನ್ನು ತಾಯಿಗೆ ಚುಚ್ಚಿ, ತಿಂಗಳು ತುಂಬದೆ ಹುಟ್ಟುವ ಕೂಸಿನ ಶ್ವಾಸಕೋಶ ಬಲಿಯುವಂತೆ ಮಾಡಬಹುದೆಂದು ತೋರಿಸಿದರು. ಅರ್ಧ ಮಿಲಿಗ್ರಾಂನ ಡೆಕ್ಸಾಮೆಥಸೋನ್ ಮಾತ್ರೆ ಭಾರತದ ಸಣ್ಣ ಊರಿನ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವಂಥದ್ದು.

ಕಾರ್ಟಿಸೋನಿನ ಮೊದಲ ಚುಚ್ಚುಮದ್ದು ಬಿದ್ದ 1948ರ ಶರತ್ಕಾಲದಲ್ಲೇ, ಔಷಧವಲ್ಲದ ಇನ್ನೊಂದು ಸಾಧನವೂ ವೈದ್ಯರ ಕೈಗೆ ಬಂತು. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಕೊರತೆ ಇತ್ತು. ಕ್ಷಯ ರೋಗಿಗಳೆಲ್ಲರಿಗೂ ಸಾಲುವಷ್ಟಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್, ಯಾರಿಗೆ ಔಷಧ, ಯಾರಿಗೆ ಬರಿ ವಿಶ್ರಾಂತಿ ಎಂಬುದನ್ನು ಮೊಹರು ಮಾಡಿದ ಲಕೋಟೆಗಳಲ್ಲಿಟ್ಟು ಚೀಟಿ ಎತ್ತಿದಂತೆ ನಿರ್ಧರಿಸುವ ಏರ್ಪಾಡು ಮಾಡಿದರು. ವೈದ್ಯರ ಮಮತೆಗಾಗಲಿ ಭರವಸೆಗಾಗಲಿ ಅಲ್ಲಿ ಕೈ ಹಾಕಲು ಎಡೆಯಿರಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ ಪಡೆಯದ 52 ಮಂದಿಯಲ್ಲಿ 14 ಮಂದಿಯೂ ಸತ್ತಿದ್ದರು. ಈ ಕ್ರಮ 1956ರಲ್ಲಿ ಮದರಾಸಿಗೂ ಬಂತು. ಕ್ಷಯಕ್ಕೆ ಸ್ಯಾನಟೋರಿಯಂ ಬೇಕಿಲ್ಲ, ಮನೆಯಲ್ಲೇ ಮಾತ್ರೆ ನುಂಗಿದರೂ ಗುಣವಾಗುತ್ತದೆ ಎಂಬುದನ್ನು ಜಗತ್ತಿಗೆ ತಿಳಿಸಿದ್ದು ಅಲ್ಲಿನ ಪ್ರಯೋಗ. ಕೋವಿಡ್‌ನಲ್ಲಿ ಹಳೆಯ ಔಷಧಗಳಿಗೆ ಬರವಿರಲಿಲ್ಲ. ಬರವಿದ್ದದ್ದು ಈ ಚೀಟಿ ಎತ್ತುವ ತಾಳ್ಮೆಗೆ.

ಆ ಹಳೆಯ ಔಷಧಗಳಲ್ಲಿ ಸ್ಟೀರಾಯ್ಡಿನದು ಒಂದು ವಂಶವಾದರೆ, ಎರಡನೆಯ ವಂಶ ಮಲೇರಿಯಾ ಮದ್ದಿನದು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪೆಲೆಟಿಯೆ ಮತ್ತು ಕವಾಂತು ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯ ಇಳಿಜಾರಿನಲ್ಲಿ ಸಿಂಕೋನಾ ತೋಟ ಎಬ್ಬಿಸಿದರು. ಮಲೆನಾಡಿನ ಹಳೆಯ ತಲೆಮಾರು ಚಳಿಜ್ವರವನ್ನೂ ಕ್ವಿನೈನಿನ ಕಹಿಯನ್ನೂ ಒಟ್ಟಿಗೇ ಬಲ್ಲದು. 1934ರಲ್ಲಿ ಬೇಯರ್ ಕಂಪನಿಯ ಹಾನ್ಸ್ ಆಂಡರ್ಸಾಗ್ ಕ್ಲೋರೊಕ್ವಿನ್ ತಯಾರಿಸಿದರು. ಅದು ವಿಷವೆಂದು ಭಾವಿಸಿ ಬದಿಗಿಡಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತೆ ಬೆಳಕಿಗೆ ಬಂತು. ಇಂಗ್ಲೆಂಡಿನ ಫ್ರಾನ್ಸಿಸ್ ಪೇಜ್ 1951ರಲ್ಲಿ ಇನ್ನೊಂದು ಮಲೇರಿಯಾ ಔಷಧವಾದ ಮೆಪಕ್ರಿನ್‌ನಿಂದ ಲೂಪಸ್ ಎಂಬ ಚರ್ಮ ಮತ್ತು ಕೀಲಿನ ಕಾಯಿಲೆ ತಗ್ಗುತ್ತದೆಂದು ಬರೆದರು. ಕ್ಲೋರೊಕ್ವಿನ್‌ಗಿಂತ ಕಡಿಮೆ ವಿಷದ ಹೈಡ್ರಾಕ್ಸಿಕ್ಲೋರೊಕ್ವಿನ್ 1955ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಮುಂದೆ ಮಲೇರಿಯಾಕ್ಕಿಂತ ಲೂಪಸ್ ಮತ್ತು ಸಂಧಿವಾತದವರ ನಿತ್ಯದ ಮಾತ್ರೆಯಾಯಿತು. ಮರುಬಳಕೆ ಅದಕ್ಕೆ ಹೊಸದೇನಲ್ಲ.

2020ರ ಫೆಬ್ರವರಿಯಲ್ಲಿ ಚೀನಾದ ವಿಜ್ಞಾನಿಗಳು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮಂಗದ ಮೂತ್ರಪಿಂಡದ ಕೋಶಗಳಲ್ಲಿ ಕ್ಲೋರೊಕ್ವಿನ್ ಹೊಸ ವೈರಸ್ಸನ್ನು ತಡೆಯುತ್ತದೆಂದು ಪ್ರಕಟಿಸಿದರು. ವೈರಸ್ ಕೋಶದೊಳಕ್ಕೆ ನುಂಗಲ್ಪಟ್ಟು ಒಂದು ಆಮ್ಲೀಯ ಚೀಲದಲ್ಲಿ ಬಿಚ್ಚಿಕೊಳ್ಳುತ್ತದೆ. ಕ್ಲೋರೊಕ್ವಿನ್ ಆ ಚೀಲದ ಹುಳಿಯನ್ನು ಕೆಡಿಸುತ್ತದೆ. ವಿವರಣೆ ಸೊಗಸಾಗಿತ್ತು. ಆದರೆ ಮನುಷ್ಯನ ಶ್ವಾಸಕೋಶದ ಕೋಶಕ್ಕೆ ಇನ್ನೊಂದು ಬಾಗಿಲಿದೆ: ಹೊರಮೈಯಲ್ಲೇ ಇರುವ ಒಂದು ಕಿಣ್ವದ ನೆರವಿನಿಂದ ವೈರಸ್ ಚೀಲದ ಹಂಗಿಲ್ಲದೆ ನೇರವಾಗಿ ಒಳನುಗ್ಗುತ್ತದೆ. ಮಂಗದ ಆ ಕೋಶಗಳಲ್ಲಿ ಈ ಬಾಗಿಲೇ ಇರಲಿಲ್ಲ. ಶ್ವಾಸಕೋಶದ ಕೋಶಗಳಲ್ಲಿ ಔಷಧ ನಾಟುವುದಿಲ್ಲವೆಂದು ಜುಲೈ ತಿಂಗಳಲ್ಲಿ ಗೊತ್ತಾಗುವಷ್ಟರಲ್ಲಿ ಲಕ್ಷಾಂತರ ಜನ ಆ ಮಾತ್ರೆ ನುಂಗಿಯಾಗಿತ್ತು.

ನಡುವೆ, ಮಾರ್ಚ್‌ನಲ್ಲಿ, ಫ್ರಾನ್ಸಿನ ಮಾರ್ಸೇಲ್ ನಗರದ ದಿದಿಯೆ ರೌಲ್ ಅವರ ತಂಡ 36 ರೋಗಿಗಳ ಒಂದು ಅಧ್ಯಯನ ಪ್ರಕಟಿಸಿತ್ತು. ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದವರ ಮೂಗಿನಿಂದ ಆರನೆಯ ದಿನಕ್ಕೆ ವೈರಸ್ ಹೆಚ್ಚು ಬೇಗ ಮಾಯವಾಗಿತ್ತು. ಈ ಅಧ್ಯಯನವನ್ನು ಹತ್ತಿರದಿಂದ ನೋಡಬೇಕು. ಔಷಧ ಪಡೆದ ಗುಂಪಿನಲ್ಲಿ ಮೊದಲಿಗೆ ಇದ್ದವರು 26 ಮಂದಿ, ಲೆಕ್ಕಕ್ಕೆ ತೆಗೆದುಕೊಂಡದ್ದು 20. ಬಿಟ್ಟ ಆರು ಮಂದಿಯಲ್ಲಿ ಮೂವರು ತೀವ್ರ ನಿಗಾ ಘಟಕಕ್ಕೆ ಹೋಗಿದ್ದರು, ಒಬ್ಬರು ಸತ್ತಿದ್ದರು, ಒಬ್ಬರು ಓಕರಿಕೆ ತಾಳದೆ ಮಾತ್ರೆ ನಿಲ್ಲಿಸಿದ್ದರು, ಒಬ್ಬರು ಆಸ್ಪತ್ರೆ ಬಿಟ್ಟು ಮನೆಗೆ ಹೋಗಿದ್ದರು. ಔಷಧ ಯಾರಿಗೆ ಸಲ್ಲಲಿಲ್ಲವೋ ಅವರೇ ಲೆಕ್ಕದಿಂದ ಜಾರಿಹೋಗಿದ್ದರು. ಚೀಟಿ ಎತ್ತಿರಲೂ ಇಲ್ಲ. ಆ ಲೇಖನವನ್ನು ಪತ್ರಿಕೆ ಹಿಂತೆಗೆದದ್ದು 2024ರ ಡಿಸೆಂಬರಿನಲ್ಲಿ. ಅದು ಹಬ್ಬಿಸಿದ ನಂಬಿಕೆಗೆ ಬೇಕಾದದ್ದು ಕೆಲವೇ ದಿನ: ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮಾರ್ಚ್ 21ರಂದು ಟ್ವೀಟ್ ಮಾಡಿದರು, 28ರಂದು ಅಲ್ಲಿನ ಔಷಧ ನಿಯಂತ್ರಕರು ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟರು.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದೇ ಮಾರ್ಚ್‌ನಲ್ಲಿ ರೋಗಿಗಳ ಆರೈಕೆ ಮಾಡುವ ಸಿಬ್ಬಂದಿಗೂ ಸೋಂಕಿತರ ಮನೆಯವರಿಗೂ ಈ ಮಾತ್ರೆಯನ್ನು ಮುಂಜಾಗ್ರತೆಗೆ ಸೂಚಿಸಿತು. ಜಗತ್ತಿನ ಹೈಡ್ರಾಕ್ಸಿಕ್ಲೋರೊಕ್ವಿನ್‌ನಲ್ಲಿ ದೊಡ್ಡ ಪಾಲು ತಯಾರಾಗುವುದು ಭಾರತದಲ್ಲೇ. ಸರಕಾರ ಮಾರ್ಚ್ 25ರಂದು ರಫ್ತು ನಿಷೇಧಿಸಿ, ಏಪ್ರಿಲ್‌ನಲ್ಲಿ ಸಡಿಲಿಸಿತು. ಈ ಗದ್ದಲದಲ್ಲಿ ಮರೆತುಹೋದವರು ಲೂಪಸ್ ರೋಗಿಗಳು, ಅವರಲ್ಲಿ ಬಹುಪಾಲು ಹೆಂಗಸರು. ವರ್ಷಗಟ್ಟಲೆ ದಿನವೂ ನುಂಗುತ್ತ ಬಂದ ಮಾತ್ರೆ ಇದ್ದಕ್ಕಿದ್ದಂತೆ ಅಂಗಡಿಯಿಂದ ಕಾಣೆಯಾಯಿತು. ಲಾಕ್‌ಡೌನಿನಲ್ಲಿ ಬಸ್ಸಿಲ್ಲ, ಆಟೊ ಇಲ್ಲ. ಹಳೆಯ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ನಡೆಯಬೇಕಾಯಿತು.

ಉತ್ತರ ಸಿಕ್ಕಿದ್ದು ಬೇರೆ ದಾರಿಯಿಂದ. ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಒಂಬತ್ತು ದಿನಗಳಲ್ಲಿ ಏರ್ಪಡಿಸಿದ ‘ರಿಕವರಿ’ ಪ್ರಯೋಗ 2020ರ ಮಾರ್ಚ್ 19ರ ಹೊತ್ತಿಗೆ ಮೊದಲ ರೋಗಿಯನ್ನು ಸೇರಿಸಿಕೊಂಡಿತು. ಅದರ ಹೆಚ್ಚುಗಾರಿಕೆ ಇದ್ದದ್ದು ಸರಳತೆಯಲ್ಲಿ. ಉಸಿರಿಗಾಗಿ ಏದುವ ರೋಗಿಯ ಪಕ್ಕದಲ್ಲಿ, ಮೈತುಂಬ ಕವಚ ತೊಟ್ಟ ಡ್ಯೂಟಿ ಡಾಕ್ಟರಿಗೆ ಬಿಡುವಿರುವುದು ನಿಮಿಷಗಳ ಲೆಕ್ಕದಲ್ಲಿ. ಒಪ್ಪಿಗೆ ಪಡೆದು, ಕಂಪ್ಯೂಟರಿನಲ್ಲಿ ಒಂದು ಪುಟದಷ್ಟು ವಿವರ ತುಂಬಿದರೆ, ಈ ರೋಗಿಗೆ ಯಾವ ಔಷಧ ಅಥವಾ ಔಷಧವೇ ಬೇಡ ಎಂಬುದನ್ನು ಕಂಪ್ಯೂಟರೇ ಹೇಳುತ್ತಿತ್ತು. ಆಮೇಲೆ 28 ದಿನಗಳಲ್ಲಿ ರೋಗಿ ಬದುಕಿದರೇ ಎಂಬುದೊಂದೇ ಮುಖ್ಯ ಪ್ರಶ್ನೆ. ಬ್ರಿಟನ್ನಿನ ಸುಮಾರು 175 ಆಸ್ಪತ್ರೆಗಳು ಸೇರಿದವು.

ಜೂನ್ 5ರಂದು ಹೈಡ್ರಾಕ್ಸಿಕ್ಲೋರೊಕ್ವಿನ್ ಸರದಿ ಮುಗಿಯಿತು. ಅಂತಿಮ ಲೆಕ್ಕದಲ್ಲಿ ಅದನ್ನು ಪಡೆದ 1,561 ಮಂದಿಯಲ್ಲಿ ಶೇ. 27, ಪಡೆಯದ 3,155 ಮಂದಿಯಲ್ಲಿ ಶೇ. 25 ಸತ್ತಿದ್ದರು. ಅಮೆರಿಕ ಜೂನ್ 15ರಂದು ತುರ್ತು ಒಪ್ಪಿಗೆ ರದ್ದು ಮಾಡಿತು. ಎಚ್‌ಐವಿಯ ಲೊಪಿನವಿರ್ ಮತ್ತು ರಿಟೊನವಿರ್ ಜೋಡಿಯೂ ಬಿದ್ದುಹೋಯಿತು. ಮಾರ್ಚ್ ಮೊದಲಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಇಟಲಿಯ ಪ್ರವಾಸಿಗರಿಗೆ ಕೊಟ್ಟು ಗುಣವಾಯಿತೆಂದು ದೇಶವೆಲ್ಲ ಸುದ್ದಿಯಾದ ಜೋಡಿ ಅದು. ಅಜಿತ್ರೊಮೈಸಿನ್, ಕಾಲ್ಚಿಸಿನ್, ಆಸ್ಪಿರಿನ್ ಕೂಡ ಮುಂದೆ ಇದೇ ಸಾಲು ಸೇರಿದವು.

ಸ್ಟೀರಾಯ್ಡ್ ಬಗ್ಗೆ ನಿರೀಕ್ಷೆಗಿಂತ ಅಂಜಿಕೆಯೇ ಹೆಚ್ಚಿತ್ತು. 2003ರ ಸಾರ್ಸ್‌ನಲ್ಲಿ ಭಾರಿ ಡೋಸ್ ಪಡೆದು ಬದುಕುಳಿದ ಹಲವರ ಸೊಂಟದ ಮೂಳೆ ಸತ್ತುಹೋಗಿತ್ತು. 2020ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟೀರಾಯ್ಡನ್ನು ವಾಡಿಕೆಯಾಗಿ ಕೊಡಬಾರದೆಂದೇ ಹೇಳಿತ್ತು. ಜೂನ್ 16ರಂದು ಬಂದ ಫಲಿತಾಂಶ ಈ ಮಾತನ್ನು ತಿರುಗಿಸಿತು. ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನದವರೆಗೆ ಡೆಕ್ಸಾಮೆಥಸೋನ್ ಪಡೆದವರು 2,104, ಪಡೆಯದವರು 4,321. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ, ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ 23.3ಕ್ಕೆ ಇಳಿಯಿತು. ಆಕ್ಸಿಜನ್ ಬೇಡದವರಲ್ಲಿ ಲಾಭವಿರಲಿಲ್ಲ. ಔಷಧ ಪಡೆದವರಲ್ಲಿ ಶೇ. 17.8, ಪಡೆಯದವರಲ್ಲಿ ಶೇ. 14 ಸತ್ತಿದ್ದರು, ಅಂದರೆ ಕೇಡಿನ ಗುಮಾನಿಯೇ ಇತ್ತು.

ಈ ಮೂರನೆಯ ಸಾಲಿನ ಅಂಕಿಯೇ ಇಡೀ ವಿಷಯದ ಕೀಲಿ. ಕೋವಿಡ್ ಎರಡು ಹಂತದ ಕಾಯಿಲೆ. ಮೊದಲ ವಾರ ವೈರಸ್ ಹೆಚ್ಚುತ್ತದೆ. ಆಗ ದೇಹದ ಸೈನ್ಯ ಎಚ್ಚರವಾಗಿರಬೇಕು. ಎರಡನೆಯ ವಾರದಲ್ಲಿ ಕೆಲವರಲ್ಲಿ ವೈರಸ್ ಇಳಿಮುಖವಾದರೂ ಆ ಸೈನ್ಯ ಯುದ್ಧ ನಿಲ್ಲಿಸದೆ ಶ್ವಾಸಕೋಶವನ್ನೇ ಸುಡತೊಡಗುತ್ತದೆ. ಸ್ಟೀರಾಯ್ಡ್ ಬೇಕಾದದ್ದು ಈ ಎರಡನೆಯ ಬೆಂಕಿಗೆ. ಮೊದಲ ವಾರದಲ್ಲಿ ಕೊಟ್ಟರೆ ಅದು ಕಾವಲುಗಾರನನ್ನೇ ಮಲಗಿಸಿದಂತೆ.

2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಭಾರತ ಈ ಮಾತಿನ ಬೆಲೆ ತೆತ್ತಿತು. ಜ್ವರ ಬಂದ ದಿನವೇ, ಆಕ್ಸಿಜನ್ ಮಟ್ಟ ಸರಿಯಿದ್ದವರೂ ಸ್ಟೀರಾಯ್ಡ್ ನುಂಗಿದರು. ವಾಟ್ಸ್‌ಆ್ಯಪಿನಲ್ಲಿ ಒಬ್ಬರ ಚೀಟಿ ಹತ್ತು ಮನೆಗೆ ಹರಿದಾಡಿತು. ಹೆಚ್ಚು ಡೋಸ್, ಹೆಚ್ಚು ದಿನ, ಮೇಲೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಸದಾ ಇರುವ, ಆರೋಗ್ಯವಂತರನ್ನು ಮುಟ್ಟದ ಒಂದು ಶಿಲೀಂಧ್ರ ಇಂಥ ಮೈಗಳಲ್ಲಿ ಬೇರೂರಿತು. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವರಿಗೆ ಕೆನ್ನೆ ಜೋಮು ಹಿಡಿದು, ಮೂಗಿನಿಂದ ಕಪ್ಪು ಹೆಕ್ಕಳೆ ಬಂದು, ಒಂದು ಕಣ್ಣು ಊದಿ ಮುಂದಕ್ಕೆ ಚಾಚುತ್ತಿತ್ತು. ಹಲವರ ಮೇಲ್ದವಡೆಯನ್ನೂ ಕಣ್ಣನ್ನೂ ತೆಗೆಯಬೇಕಾಯಿತು. ಬ್ಲ್ಯಾಕ್ ಫಂಗಸ್ ಎಂದು ಮನೆಮಾತಾದ ಈ ಕಾಯಿಲೆ ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಮಂದಿಗೆ ತಗುಲಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಾರ್ಡುಗಳು ತೆರೆದವು. ಅದಕ್ಕಿದ್ದ ಮುಖ್ಯ ಮದ್ದು ಆಂಫೊಟೆರಿಸಿನ್. ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಿಂದ 1950ರ ದಶಕದಲ್ಲಿ ಸಿಕ್ಕ ಈ ಔಷಧ ಬಿಹಾರದಲ್ಲಿ ಕಾಲಾ ಅಜಾರ್‌ಗೂ ಬಳಕೆಯಾಗುತ್ತ ಬಂದದ್ದು.

ಅದೇ ಏಪ್ರಿಲ್‌ನಲ್ಲಿ ಜನ ರೆಮ್ಡೆಸಿವಿರ್‌ಗೆ ಸಾಲು ನಿಂತಿದ್ದರು. ಹೆಪಟೈಟಿಸ್ ಸಿ ಮುಂತಾದ ವೈರಸ್‌ಗಳಿಗೆಂದು 2009ರ ಸುಮಾರಿಗೆ ಹುಟ್ಟಿ, ಕಾಂಗೊದ ಎಬೊಲಾ ಪ್ರಯೋಗದಲ್ಲಿ ಸೋತ ಔಷಧವಿದು. ಐದು ದಿನದ ಚಿಕಿತ್ಸೆಗೆ ಆರು ಬಾಟಲಿ ಬೇಕು: ಮೊದಲ ದಿನ ಎರಡು, ಆಮೇಲೆ ದಿನಕ್ಕೊಂದು. ಆ ಆರು ಬಾಟಲಿಗಾಗಿ ಒಡವೆ ಅಡವಿಟ್ಟವರುಂಟು, ಕಾಳಸಂತೆಯಲ್ಲಿ ನಕಲಿ ಕೊಂಡವರುಂಟು. ವಿಶ್ವ ಆರೋಗ್ಯ ಸಂಸ್ಥೆಯ ‘ಸಾಲಿಡಾರಿಟಿ’ ಪ್ರಯೋಗದ ಫಲಿತಾಂಶ ಹೊರಬಂದದ್ದು ಅದಕ್ಕೂ ಆರು ತಿಂಗಳು ಮೊದಲು, 2020ರ ಅಕ್ಟೋಬರಿನಲ್ಲಿ. ಭಾರತದ ಆಸ್ಪತ್ರೆಗಳೂ ಅದರಲ್ಲಿ ಪಾಲುಗೊಂಡಿದ್ದವು. ಔಷಧ ಪಡೆದ 2,743 ಮಂದಿಯಲ್ಲಿ 301 ಸಾವು, ಪಡೆಯದ 2,708 ಮಂದಿಯಲ್ಲಿ 303. ಈ ಎರಡು ಸಂಖ್ಯೆಗಳು ಸಾಲಿನಲ್ಲಿ ನಿಂತವರ ಕಿವಿಗೆ ಬೀಳದೆ ಹೋದದ್ದು ಆ ವರ್ಷದ ದೊಡ್ಡ ದುಃಖಗಳಲ್ಲಿ ಒಂದು. ಮುಂದೆ ಬೇಗನೆ, ಅಪಾಯ ಹೆಚ್ಚಿರುವವರಿಗೆ ಕೊಟ್ಟರೆ ರೆಮ್ಡೆಸಿವಿರ್‌ನಿಂದ ಲಾಭವಿದೆಯೆಂದು ಕಂಡುಬಂತು. ಇಲ್ಲಿಯೂ ಪ್ರಶ್ನೆ ವೇಳೆಯದೇ.

ಐವರ್ಮೆಕ್ಟಿನ್ ಕತೆ ಬಹುಮಟ್ಟಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್‌ನದೇ ಪುನರಾವೃತ್ತಿ. ಜಪಾನಿನ ಸತೋಶಿ ಒಮುರಾ ಅಲ್ಲಿನ ಮಣ್ಣಿನಲ್ಲಿ ಕಂಡ ಸೂಕ್ಷ್ಮಜೀವಿಯಿಂದ ವಿಲಿಯಂ ಕ್ಯಾಂಬೆಲ್ ತಂಡ ರೂಪಿಸಿದ ಈ ಔಷಧ ಮೊದಲು ದನಕುರಿಗಳ ಜಂತುಹುಳಕ್ಕೆ, 1987ರಿಂದ ಆಫ್ರಿಕದ ನದಿಗುರುಡು ರೋಗಕ್ಕೆ ಬಳಕೆಯಾಗಿ, 2015ರಲ್ಲಿ ಇಬ್ಬರಿಗೂ ನೊಬೆಲ್ ತಂದಿತು. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪ್ರಯೋಗಾಲಯವೊಂದರಲ್ಲಿ ಅದು ವೈರಸ್ಸನ್ನು ತಡೆದದ್ದು ನಿಜ, ಆದರೆ ಮಾಮೂಲಿ ಡೋಸಿನಲ್ಲಿ ರಕ್ತಕ್ಕೆ ಸಿಗುವ ಮಟ್ಟಕ್ಕಿಂತ ಹತ್ತಾರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ. 2021ರ ಮೇ ತಿಂಗಳಲ್ಲಿ ಗೋವಾ ಸರಕಾರ ವಯಸ್ಕರೆಲ್ಲರಿಗೂ ಐದು ದಿನ ಕೊಡುವುದಾಗಿ ಸಾರಿತು. ಬ್ರೆಜಿಲ್‌ನಲ್ಲಿ 1,358 ಮಂದಿಯ ಮೇಲೆ ನಡೆದು 2022ರ ಮಾರ್ಚ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಡೆಕ್ಸಾಮೆಥಸೋನ್ ತೋರಿದ ದಾರಿಯಲ್ಲಿ ಸಂಧಿವಾತದ ಇನ್ನೆರಡು ಔಷಧಗಳು ಗೆದ್ದವು. ಒಸಾಕಾದ ತದಮಿತ್ಸು ಕಿಶಿಮೊಟೊ ಅವರ ಸಂಶೋಧನೆಯಿಂದ ಹುಟ್ಟಿದ ಟೊಸಿಲಿಜುಮಾಬ್ ‘ರಿಕವರಿ’ಯ 4,116 ಮಂದಿಯಲ್ಲಿ ಸಾವನ್ನು ಶೇ. 35ರಿಂದ 31ಕ್ಕೆ ಇಳಿಸಿತು. ಬಾರಿಸಿಟಿನಿಬ್ ಅನ್ನು 2020ರ ಫೆಬ್ರವರಿಯಲ್ಲೇ ಕಂಪ್ಯೂಟರ್ ಹುಡುಕಾಟದಿಂದ ಆರಿಸಿದ್ದರು. ಮರುಬಳಕೆಗೆ ಆಕಸ್ಮಿಕವೇ ಬೇಕಿಲ್ಲವೆಂಬುದಕ್ಕೆ ಅದು ಸಾಕ್ಷಿ. ಬೆಂಗಳೂರಿನ ಬಯೋಕಾನ್ ಕಂಪನಿ ಸೋರಿಯಾಸಿಸ್‌ಗೆಂದು 2013ರಿಂದ ಮಾರುತ್ತಿದ್ದ, ಕ್ಯೂಬಾದಲ್ಲಿ ಹುಟ್ಟಿದ ಇಟೊಲಿಜುಮಾಬ್‌ಗೆ 2020ರ ಜುಲೈನಲ್ಲಿ ಭಾರತದ ಔಷಧ ನಿಯಂತ್ರಕರು ಸೀಮಿತ ತುರ್ತು ಬಳಕೆಯ ಒಪ್ಪಿಗೆ ಕೊಟ್ಟರು. ಆಧಾರ 30 ಮಂದಿಯ ಪ್ರಯೋಗ. ಅಷ್ಟು ಸಣ್ಣ ಸಂಖ್ಯೆ ಸಾಲದೆಂದು ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಭಾರತಕ್ಕೆ ದೊಡ್ಡ ಪ್ರಯೋಗ ಆಗದ ಕೆಲಸವೇನಲ್ಲ: ಗುಣವಾದವರ ಪ್ಲಾಸ್ಮಾ ಕೊಡುವ ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ 2020ರಲ್ಲೇ ಪ್ರಕಟಿಸಿತ್ತು.

ಸೋತ ಜೋಡಿಯೊಂದರ ಅರ್ಧ ಮತ್ತೆ ಬಂದದ್ದೂ ಇದೆ. 1996ರಲ್ಲಿ ಎಚ್‌ಐವಿಗೆ ಬಂದ ರಿಟೊನವಿರ್ ಯಕೃತ್ತಿನ ಒಂದು ಕಿಣ್ವವನ್ನು ಕಟ್ಟಿಹಾಕಿ, ಜೊತೆಗಿರುವ ಔಷಧ ಬೇಗ ಕರಗಿಹೋಗದಂತೆ ತಡೆಯುತ್ತದೆ. 2003ರ ಸಾರ್ಸ್ ಕಾಲದ ಕೆಲಸದಿಂದ ಬೆಳೆದ ನಿರ್ಮಾಟ್ರೆಲ್ವಿರ್ ಎಂಬ ಹೊಸ ಔಷಧದ ಜೊತೆಗೆ ಅದನ್ನು ಸೇರಿಸಿದ ಪ್ಯಾಕ್ಸ್‌ಲೊವಿಡ್‌ಗೆ 2021ರ ಡಿಸೆಂಬರಿನಲ್ಲಿ ಅಮೆರಿಕ ತುರ್ತು ಒಪ್ಪಿಗೆ ನೀಡಿತು. ರೋಗಲಕ್ಷಣ ಕಂಡ ಐದು ದಿನದೊಳಗೆ, ಅಪಾಯ ಹೆಚ್ಚಿರುವವರಿಗೆ ಕೊಡುವ ಮಾತ್ರೆ ಇದು. ಅದೇ ಕಿಣ್ವದಿಂದ ಕರಗುವ ಕೊಲೆಸ್ಟರಾಲ್ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆಗಳ ಮಟ್ಟವನ್ನೂ ರಿಟೊನವಿರ್ ಏರಿಸಿಬಿಡುತ್ತದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಅರ್ಧ ಮಾಡಬೇಕು ಎಂದು ಕೋವಿಡ್ ವೈದ್ಯರು ನೋಡಿಕೊಂಡದ್ದು, ಎಚ್‌ಐವಿ ವೈದ್ಯರು ಇಪ್ಪತ್ತೈದು ವರ್ಷದಿಂದ ತಿದ್ದುತ್ತ ಬಂದಿದ್ದ ಪಟ್ಟಿಗಳನ್ನು.